ಎರಡು ಗಟಾರ ಕೂಡುವಲ್ಲಿ

ಗಟಾರದ ಬದಿಗೆ ಕೂರುವ ಮುನ್ನ ಮೇಡಂ ಒಂದು ಲವಂಗವನ್ನು ಎಡದವಡೆಗೆ ಒತ್ತಿಕೊಳ್ಳುತ್ತಿದ್ದರು. ಅಲ್ಲಿ ಆಡಿದ ಮಾತಿಗೆಲ್ಲ ಅದರ ಘಾಟು ಇರುತ್ತಿತ್ತು. ಕಾಲೇಜಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು, ಚರ್ಚಾಸ್ಪರ್ಧೆಗೆ ನನ್ನನ್ನು ತಿದ್ದಿದವರು. ನಿವೃತ್ತಿಯ ನಂತರ ಜೇವರ್ಗಿಯಲ್ಲಿ, ಎರಡು ಓಣಿಗಳ ಗಟಾರ ಕೂಡುವಲ್ಲಿ, ದಾರ ಕಟ್ಟಿದ ಬ್ಯಾಂಡೇಜ್ ಬಟ್ಟೆಯ ಉಂಡೆ ಇಳಿಬಿಟ್ಟು, ಮರುದಿನ ಅದನ್ನು ಹಿಂಡಿದ ನೀರನ್ನು ಸೀಸೆಗೆ ತುಂಬಿ ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದರು. ರೋಗಿ ಆಸ್ಪತ್ರೆಗೆ ಬರುವ ಮೊದಲೇ ರೋಗದ ಸುಳಿವು ಆ ನೀರಿನಲ್ಲಿ ಸಿಗುತ್ತದೆ ಎನ್ನುತ್ತಿದ್ದರು.

"ರಿಟೈರ್ ಆದ್ಮ್ಯಾಲ ಗಟಾರಕ್ಕ ಪಾಠ ಹೇಳಾಕತ್ತೀರೇನ್ರಿ?" ಎಂದು ಅವರ ಹಳೆಯ ವಿದ್ಯಾರ್ಥಿಯಾದ ಚಹಾದಂಗಡಿಯವನು ಕಿಚಾಯಿಸಿದರೆ, "ನಿನಗಿಂತ ಛಲೋ ಉತ್ತರ ಕೊಡ್ತದಪಾ" ಎಂದು ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ನೀರಿನಲ್ಲಿ ಕಾಲರಾ ಕಂಡಿತು. ಊರಲ್ಲಿ ಯಾರೂ ಕಾಯಿಲೆ ಬಿದ್ದಿರಲಿಲ್ಲ; ಬಿದ್ದವರು ಬಾಯಿ ಬಿಟ್ಟಿರಲಿಲ್ಲ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿದು ಕೆಳಗಿನ ಓಣಿಯವರು ಆಗಷ್ಟೇ ಮರಳಿದ್ದರು. ಮೇಲಿನ ಓಣಿಯ ಹಿರಿಯರು ಬಂದು, "ಅವರ ಓಣಿ ಗಟಾರದ ಬಾಯಿಗೊಂದು ಬಟ್ಟಿ ಕಟ್ರಿ ಮೇಡಂ. ಖಾತ್ರಿ ಆದ್ರ ಅವರು ಟ್ಯಾಂಕಿನ ನೀರಿಗೆ ಬರೂದು ಬಂದ್ ಮಾಡಿಸ್ತೇವಿ" ಎಂದರು.

ನಾನು ಸಮಾನತೆಯ ಕುರಿತು ವಾದ ಹೂಡಿದೆ. ಮೇಡಂ ತಡೆದರು: "ಭಾಷಣ ಆಮ್ಯಾಲಪಾ. ಮೊದಲ ಬ್ಲೀಚಿಂಗ್ ಪೌಡರ್ ತಾ." ಹಿರಿಯರತ್ತ ತಿರುಗಿ, "ಎರಡೂ ಓಣಿಗೆ ಟ್ಯಾಂಕ್ ಒಂದ ಐತ್ರಿ. ಈ ಬಟ್ಟಿ ಇಲ್ಲೇ ಇರ್ತದ, ಯಾರ ಓಣಿ ಬಾಯಿಗೂ ಹೋಗಂಗಿಲ್ಲ. ನೀರು ಕಾಸೂದು ನಿಮ್ಮನಿಯಿಂದ ಸುರು ಮಾಡೂಣು, ಬರ್ರಿ" ಎಂದರು. ಅವರು ಗೊಣಗುತ್ತಲೇ ಹೋದರು. ಅವರ ಮನೆಯಲ್ಲಿ ಹಂಡೆ ಏರಿದ್ದು ಕಂಡು ಉಳಿದವರೂ ಏರಿಸಿದರು.

ಮುಂದೆ ಎರಡೂ ಓಣಿಗಳಲ್ಲಿ ಕೆಲವರಿಗೆ ವಾಂತಿ-ಭೇದಿಯಾಯಿತು. ಔಷಧಿ ಸಿದ್ಧವಿದ್ದುದರಿಂದ ಎಲ್ಲರೂ ಉಳಿದರು. ಮೊದಲು ಕಾಯಿಲೆ ಬಿದ್ದವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ಅದೇ ಮೇಡಂ ಅವರನ್ನು ಕಾಡುವುದು ಬಿಡಲಿಲ್ಲ. ದೀಪ ಹತ್ತುವ ಹೊತ್ತಿಗೆ ಗಟಾರ ಕೂಡುವಲ್ಲೇ ನಿಂತು ಕಿಟಕಿಗಳನ್ನು ನೋಡುತ್ತಿದ್ದರು: "ಯಾರೋ ಬಾಯಿ ಮುಚ್ಚಿಕೊಂಡು ನರಳಿದ್ರಲ್ಲ. ನೀರು ಹೇಳ್ತು. ಅವರ್ಯಾಕ ನಮಗ ಹೇಳಲಿಲ್ಲ?" ಕಾರಣ ನಮ್ಮಿಬ್ಬರಿಗೂ ತಿಳಿದಿತ್ತು. ಹಿರಿಯರು ಅದನ್ನು ಬಾಯಿಬಿಟ್ಟು ಹೇಳಿಯೇ ಹೋಗಿದ್ದರು.

ಕಳೆದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಮೇಲಿನ ಓಣಿಯ ಅವರ ಮನೆಗೆ ಬೀಗ ಬಿದ್ದಿದೆ. ಈಗ ಬಟ್ಟೆ ಕಟ್ಟುವವನು ನಾನು, ಅವರು ಕಟ್ಟುತ್ತಿದ್ದಲ್ಲಿಯೇ. ಸೀಸೆಯನ್ನು ಬೆಳಕಿಗೆ ಹಿಡಿದಾಗ ಅನಿಸುತ್ತದೆ: ಎರಡೂ ಓಣಿಗಳ ಮನೆಗಳೆಲ್ಲ ಇದರೊಳಗಿವೆ, ಒಂದರ ಹೊರತು. ಲವಂಗವನ್ನು ದವಡೆಗೆ ಒತ್ತಿಕೊಂಡು ಮುಚ್ಚಳ ಬಿಗಿಯುತ್ತೇನೆ.