ಚೀಟಿಯ ಮೇಲಿನ ಊರು

ಕೋರದ ರಂಗಮ್ಮ ಬಾಯಿಗೆ ಹಾಕಿಕೊಂಡು ಹೇಳುವವರೆಗೆ ಆ ಮಂಡಿಯಲ್ಲಿ ಯಾವ ಮೂಟೆಗೂ ಹೆಸರಿಲ್ಲ.

ತುಮಕೂರಿನ ಬಟವಾಡಿಯಲ್ಲಿ ಲಕ್ಷ್ಮೀಕಾಂತರದು ಹುಣಸೆಹಣ್ಣಿನ ಮಂಡಿ. ಶಿವರಾತ್ರಿಯಿಂದ ಯುಗಾದಿಯ ಆಚೆಗೂ ಅಲ್ಲಿ ಹಣ್ಣು ಬಂದು ಬೀಳುತ್ತಲೇ ಇರುತ್ತದೆ. ಹದಿನೈದು ಹೆಂಗಸರು ಸಾಲಾಗಿ ಕುಳಿತು, ಎದುರಿಗಿನ ಕಲ್ಲಿನ ಮೇಲೆ ಹಣ್ಣಿಟ್ಟು, ಸಣ್ಣ ಸುತ್ತಿಗೆಯಿಂದ ಬಡಿದು ಬೀಜ ಬಿಡಿಸುತ್ತಾರೆ. ಆ ಸಾಲಿನಲ್ಲಿ ಮೂವರು ರಂಗಮ್ಮಂದಿರು. ಕರೆದರೆ ಮೂವರೂ ತಲೆಯೆತ್ತುತ್ತಾರೆಂದು ಅವರ ಹೆಸರಿನ ಮುಂದೆ ಊರು ಸೇರಿತ್ತು: ಗುಬ್ಬಿ ರಂಗಮ್ಮ, ಹೆಬ್ಬೂರು ರಂಗಮ್ಮ, ಕೋರದ ರಂಗಮ್ಮ. ಕೋರದವಳು ಮದುವೆಯಾಗಿ ಶಿರಾ ಗೇಟಿನ ಹತ್ತಿರ ಬಂದು ನೆಲೆಸಿ ನಲವತ್ತು ವರ್ಷವಾಗಿದ್ದರೂ ಊರಿನ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಹೆಸರಿಡುವ ಕೆಲಸ ಅವಳಿಗೆ ಬಂದದ್ದು ಹನ್ನೆರಡು ವರ್ಷದ ಹಿಂದೆ. ಹಣ್ಣು ಬಡಿಯುತ್ತ ಒಂದೆಳೆ ಬಾಯಿಗೆ ಹಾಕಿಕೊಂಡವಳು, "ಈ ಮೂಟೆ ಆ ಮೂಟೆ ಒಂದೇ ಊರಿಂದಲ್ಲ ಬುಡಿ" ಎಂದಿದ್ದಳು. ಆಗಿನ್ನೂ ಬದುಕಿದ್ದ ಲಕ್ಷ್ಮೀಕಾಂತರ ತಂದೆ ನಕ್ಕು, ಎಂಟು ಊರಿನ ಹಣ್ಣನ್ನು ಎಂಟು ಎಲೆಯ ಮೇಲಿಟ್ಟು ಪರೀಕ್ಷೆ ಮಾಡಿದರು. ಏಳನ್ನು ಸರಿಯಾಗಿ ಹೇಳಿದಳು. ಎಂಟನೆಯದನ್ನು ಇನ್ನೊಂದೆಳೆ ಬಾಯಿಗೆ ಹಾಕಿಕೊಂಡು ನೋಡಿ, "ಇದು ಒಂದೂರಿಂದಲ್ಲ, ಎರಡೂರಿಂದು ಬೆರಸವ್ರೆ" ಎಂದಳು. ಬೆರೆಸಿದ್ದವರು ಅವರೇ. ಅಂದಿನಿಂದ ಪ್ರತಿ ಮೂಟೆಯಿಂದಲೂ ಕಡಲೆಯಷ್ಟು ಹಣ್ಣು ಅವಳ ಬಾಯಿಗೆ ಹೋಗುತ್ತಿತ್ತು. ಅದನ್ನು ಅಂಗುಳಕ್ಕೆ ಒತ್ತಿಕೊಂಡು ಮಂಡಿಯ ತಗಡಿನ ಮಾಡನ್ನು ನೋಡುತ್ತ ನಿಲ್ಲುವಳು. ಮುಖ ಒಂದಿಷ್ಟೂ ಕಿವುಚುತ್ತಿರಲಿಲ್ಲ. ಆಮೇಲೆ ಊರು ಹೇಳುವಳು. ಲಕ್ಷ್ಮೀಕಾಂತರ ಹೆಂಡತಿ ತ್ರಿವೇಣಿ ಆ ಊರನ್ನು ನೀಲಿ ಶಾಯಿಯಲ್ಲಿ ಚೀಟಿಯ ಮೇಲೆ ಬರೆದು ಮೂಟೆಯ ಬಾಯಿಗೆ ಹೊಲಿಯುವರು. ಕೊಳ್ಳುವವರು ಹಣ್ಣು ನೋಡುವ ಮೊದಲು ಚೀಟಿ ನೋಡುತ್ತಿದ್ದರು.

"ಸಿ.ಎಸ್. ಪುರದ್ದು ಬಾಯಿಗಿಟ್ಟಾಗ ಸಿಹಿ. ಹುಳಿ ನಿಧಾನವಾಗಿ ಬರ್ತದೆ, ಬಂದ ನೆಂಟ್ರಂಗೆ ಕೂತ್ಕತದೆ," ಎಂದು ಕೇಳಿದವರಿಗೆ ಹೇಳುವಳು. "ನಮ್ ಕೋರದ್ದು ಹಂಗಲ್ಲ. ಬಾಗ್ಲು ತೆಗೆಯೋ ಮೊದ್ಲೇ ಒಳೀಕ್ ನುಗ್ತದೆ. ಕಿವಿಗಂಟ ಹೋಗ್ತದೆ."

"ನಿನ್ ತರಾನೇ ಅನ್ನು," ಎನ್ನುವಳು ಪಕ್ಕದ ಕಲ್ಲಿನ ಪುಟ್ಟಗಂಗಮ್ಮ.

ಈ ವರ್ಷ ಶಿವರಾತ್ರಿಗೆ ನಾಲ್ಕು ದಿನವಿರುವಾಗ ರಂಗಮ್ಮನಿಗೆ ಜ್ವರ ಬಂತು. ಆರು ದಿನ ಮಲಗಿ ಏಳನೆಯ ದಿನ ಎದ್ದಳು. ಮೈ ಹಗುರವಾಗಿತ್ತು, ಆದರೆ ಕಾಫಿ ಬಿಸಿನೀರಿನಂತಿತ್ತು. ಜ್ವರದ ಬಾಯಿ ಎಂದುಕೊಂಡಳು. ಎರಡು ದಿನ ಬಿಟ್ಟು ಮಂಡಿಗೆ ಬಂದು ಹುಣಸೆಹಣ್ಣು ಬಾಯಿಗಿಟ್ಟರೆ ಒದ್ದೆ ಬಟ್ಟೆ ಕಚ್ಚಿದ ಹಾಗೆ. ಹುಳಿಯಿಲ್ಲ, ಸಿಹಿಯಿಲ್ಲ. ತ್ರಿವೇಣಿ ಪೆನ್ನು ಹಿಡಿದು ಕಾಯುತ್ತಿದ್ದರು. ರಂಗಮ್ಮ ಎಂದಿನಂತೆ ಮಾಡು ನೋಡಿದಳು. ನಂತರ ಮೂಟೆ ಇಳಿಸಿದವನ ಮುಖ ನೋಡಿ, "ಗುಬ್ಬಿ ಕಡೇದು," ಎಂದಳು.

ಹೇಳಿಬಿಡಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತಿರಲಿಲ್ಲ, ಅರ್ಧ ದಿನ ಹೇಗೂ ಕಲ್ಲಿನ ಮುಂದೆಯೇ ಕೂರುತ್ತಿದ್ದಳು. ಆದರೆ ಹಣ್ಣು ಬಡಿಯಲು ಯಾವ ರಂಗಮ್ಮನಾದರೂ ಆದೀತು. ಇದೊಂದಕ್ಕೆ ಮಾತ್ರ ಜನ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅದು ಹೋಗಿದೆ ಎಂದು ಬಾಯಿಬಿಟ್ಟು ಹೇಳಲು ಅವಳಿಂದಾಗಲಿಲ್ಲ. ನಾಳೆ ರುಚಿ ಬಂದೀತು ಎಂದು ಮೂರು ವಾರ ಕಳೆದಳು. ಹಣ್ಣಿನ ಬಣ್ಣ, ನಾರಿನ ದಪ್ಪ, ಗೋಣಿಗೆ ಅಂಟಿದ ಮಣ್ಣು, ತಂದವರ ಮುಖ, ಇವುಗಳಿಂದಲೇ ಊರು ಹೇಳಿದಳು. ಎಲ್ಲವೂ ಸರಿಹೋದಂತೆ ಕಂಡಿತು.

ಒಂದು ಮಧ್ಯಾಹ್ನ ಮಾತ್ರ ಪುಟ್ಟಗಂಗಮ್ಮ ಇವಳ ಡಬ್ಬಿಯಿಂದ ಒಂದು ತುತ್ತು ತಿಂದು ಕಣ್ಣರಳಿಸಿದಳು. "ಅಯ್ಯೋ, ಸಾರ್ಗೆ ಉಪ್ಪೇ ಇಲ್ವಲ್ಲೇ!"

"ಬಿಪಿ ಕಣೇ. ಉಪ್ಪು ಬ್ಯಾಡ ಅಂದವ್ರೆ ಡಾಕ್ಟ್ರು."

"ಹಂಗಂತ ಹಿಂಗಾ? ಹಸಾನೂ ಮೂಸಾಕಿಲ್ಲ ಇದ್ನ."

ರಂಗಮ್ಮ ಎಲ್ಲರ ಜೊತೆ ನಕ್ಕಳು. ನಕ್ಕು, ಮುಖ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದಳು.

ಯುಗಾದಿಗೆ ಹತ್ತು ದಿನವಿರುವಾಗ ಕುಣಿಗಲ್ಲಿನಿಂದ ಪ್ರಮೀಳಾ ಬಂದರು. ಆಕೆ ಮನೆಯಲ್ಲೇ ಪುಳಿಯೋಗರೆ ಗೊಜ್ಜು ಮಾಡಿ ಬಾಟಲಿಗೆ ತುಂಬಿ ಮಾರುವವರು. ಬಾಟಲಿಯ ಮೇಲಿನ ಲೇಬಲ್ಲಿನಲ್ಲೇ 'ಸಿ.ಎಸ್. ಪುರದ ಹುಣಸೆಹಣ್ಣಿನದು' ಎಂದು ಅಚ್ಚು ಹಾಕಿಸಿದ್ದರು. ಎಂಟು ವರ್ಷದಿಂದ ಚೀಟಿ ನೋಡಿ ಒಯ್ಯುವ ಗಿರಾಕಿ. ಅಂದು ಒಯ್ದದ್ದು ಚೌಡಪ್ಪನ ಎರಡು ಮೂಟೆ. ಚೌಡಪ್ಪ ಸಿ.ಎಸ್. ಪುರದ ರೈತ, ಪ್ರತಿ ವರ್ಷ ಹಣ್ಣು ತರುವವನು. ಅವನ ಮುಖ ಕಂಡಿದ್ದ ರಂಗಮ್ಮ, ಅವನು ಮೂಟೆ ಇಳಿಸಿ ಹೊರಟುಹೋದ ಮೇಲೆ ಅವನ ಊರನ್ನೇ ಹೇಳಿದ್ದಳು. ಹಣ್ಣನ್ನು ಬಾಯಿಗೆ ಹಾಕಿಕೊಂಡದ್ದು ಬರೀ ಶಾಸ್ತ್ರಕ್ಕೆ.

ಎರಡು ದಿನ ಕಳೆದು ಚೌಡಪ್ಪ ಖಾಲಿ ಗೋಣಿಚೀಲ ತೆಗೆದುಕೊಂಡು ಹೋಗಲು ಬಂದ. ಚೀಲ ಮಡಿಸುತ್ತ ರಂಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಹೆಂಗಿತ್ತು ರಂಗಕ್ಕ, ನಿನ್ ತೌರೂರ ಹಣ್ಣು?"

"ಯಾವ ಹಣ್ಣು ಚೌಡಣ್ಣ?"

"ಅದೇ, ಮೊನ್ನೆ ತಂದಿದ್ನಲ್ಲ. ನಮ್ ಮರ ಈ ಸಲ ಹೂವೇ ನಿಲ್ಲಿಸ್ಲಿಲ್ಲ. ಕೋರದ ಹತ್ರ ನಾಕು ಮರ ಗುತ್ತಿಗೆ ಹಿಡ್ದೆ. ನಾನು ಹೇಳೋದು ಯಾಕೆ, ರಂಗಕ್ಕ ಬಾಯಿಗ್ ಹಾಕ್ದೇಟ್ಗೆ ಕಂಡ್ ಹಿಡೀತಾಳೆ ಅಂತ ಸುಮ್ನಾದೆ."

ರಂಗಮ್ಮನ ಸುತ್ತಿಗೆ ಕಲ್ಲಿನ ಮೇಲೆಯೇ ನಿಂತಿತು. ತಾನು ಹುಟ್ಟಿದೂರಿನ ಹಣ್ಣು. ಲಂಗದ ಮಡಿಲಿಗೆ ಆಯ್ದು ತುಂಬಿಕೊಂಡು, ಉಪ್ಪು ಹಚ್ಚಿ ತಿಂದು ನಾಲಿಗೆ ಒಡೆಸಿಕೊಂಡ ಹಣ್ಣು. ಅದು ಬಾಯೊಳಗೆ ಬಂದು ಕೂತಿದ್ದರೂ ಅವಳು ಗುರುತು ಹಿಡಿಯಲಿಲ್ಲ. ಬೇರೆಯೂರಿನ ಹೆಸರಿಟ್ಟು ಕಳಿಸಿಬಿಟ್ಟಿದ್ದಳು.

ಚೀಟಿಯ ಮೇಲೆ ಯಾವ ಊರು ಬರೆದಿತ್ತೆಂದು ಚೌಡಪ್ಪನಿಗೆ ತಿಳಿದಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ರಂಗಮ್ಮ ಆ ಮಧ್ಯಾಹ್ನವೆಲ್ಲ ಸುಮ್ಮನೇ ಇದ್ದಳು. ಮರುದಿನ ಬೆಳಿಗ್ಗೆ ಮಂಡಿಗೆ ಹೋಗದೆ ಕುಣಿಗಲ್ ಬಸ್ಸು ಹತ್ತಿದಳು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದಳು. ಅವನು ಕೊಟ್ಟ ಸೊನ್ನೆ ದರದ ಟಿಕೆಟ್ಟನ್ನು ಹೆಬ್ಬೂರು ದಾಟುವಷ್ಟರಲ್ಲಿ ಬೆರಳಲ್ಲಿ ಸುರುಳಿ ಸುತ್ತಿ ಸುತ್ತಿ ಪುಡಿ ಮಾಡಿದ್ದಳು.

ಕುಣಿಗಲ್ ದೊಡ್ಡಕೆರೆಯ ಹತ್ತಿರದ ಬೀದಿಯಲ್ಲಿ ಮನೆ ಹುಡುಕಲು ಕಷ್ಟವಾಗಲಿಲ್ಲ, ಒಗ್ಗರಣೆಯ ಹೊಗೆ ಬೀದಿಗೇ ಬರುತ್ತಿತ್ತು. ಬೇರೆಯವರು ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು. ರಂಗಮ್ಮನಿಗೆ ಕಣ್ಣು ಉರಿಯಿತು, ವಾಸನೆ ತಿಳಿಯಲಿಲ್ಲ.

"ಅಯ್ಯೋ, ರಂಗಮ್ಮಕ್ಕ! ನೀವಾ?" ಪ್ರಮೀಳಾ ಸೌಟು ಹಿಡಿದೇ ಬಾಗಿಲಿಗೆ ಬಂದರು. "ದೇವ್ರೇ ಕಳಿಸ್ದಂಗೆ ಬಂದ್ರಿ. ನನ್ ಕೈ ಕೆಟ್ಟೋಗಿದೆ ನೋಡಿ. ಒಂದು ಕೊಪ್ಪರಿಗೆ ಮಾಡ್ದೆ, ಹುಳಿ ಗಂಟ್ಲು ಹಿಡೀತು. ಬಾಟ್ಲಿಗೆ ತುಂಬಿದ್ಮೇಲೆ ಗೊತ್ತಾಯ್ತು. ಇನ್ನೊಂದಕ್ಕೆ ಬೆಲ್ಲ ಜಾಸ್ತಿ ಹಾಕ್ದೆ, ಪಾಯಸ ಆಯ್ತು. ನಮ್ಮೆಜಮಾನ್ರು, ನಲವತ್ತೈದಕ್ಕೇ ಕೈ ಮರೀತಾ ಅಂತ ಆಡ್ಕೋತಾವ್ರೆ. ಎರಡು ದಿನದಿಂದ ನಿದ್ದೆ ಇಲ್ಲ ನಂಗೆ."

"ಹಣ್ಣೇ ಬೇರೆ ಇರ್ಬೋದು ಅನ್ನಿಸ್ಲಿಲ್ವಾ?"

"ನೀವು ಹೇಳಿದ್ ಹಣ್ಣಿನ್ ಮೇಲೆ ಯಾಕ್ ಅನುಮಾನ ಪಡ್ಲಿ?" ಪ್ರಮೀಳಾ ನಕ್ಕರು. "ನನ್ ಮೇಲೇ ಪಟ್ಟೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ರಂಗಮ್ಮ ಹೊಸ್ತಿಲಲ್ಲೇ ಕುಳಿತು ಒಂದೇ ಉಸಿರಿಗೆ ಹೇಳಿದಳು. ಜ್ವರ, ಸತ್ತ ನಾಲಿಗೆ, ಮೂರು ವಾರದ ನಾಟಕ, ಚೌಡಪ್ಪ, ಕೋರ. "ನಿಮ್ ಕೈ ಚೆನ್ನಾಗೈತೆ ಕಣಮ್ಮ. ಕೆಟ್ಟಿರೋದು ನನ್ ಬಾಯಿ."

ಪ್ರಮೀಳಾ ಒಳಗೆ ಹೋಗಿ ಒಲೆ ಆರಿಸಿದರು. ಹೊರಗೆ ಬಂದಾಗ ಮುಖ ಬಿಗಿದಿತ್ತು. "ಮೂರು ವಾರ ಸುಳ್ಳು ಹೇಳಿದ್ರಾ ರಂಗಮ್ಮಕ್ಕ? ನೀವು?"

"ಹೂಂ."

ನಡುಮನೆಯಲ್ಲಿ ನಲವತ್ತು ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಹೊಟ್ಟೆಯ ಮೇಲೂ ಸಿ.ಎಸ್. ಪುರ. ಪ್ರಮೀಳಾ ಅವನ್ನೇ ನೋಡುತ್ತಿದ್ದವರು ಬಕೆಟ್ಟಿಗೆ ನೀರು ತುಂಬಿ ತಂದು ಅವಳ ಮುಂದೆ ಕುಕ್ಕಿದರು. "ಬನ್ನಿ, ಕಿತ್ತಾಕಣ. ನೀವೂ ಕೈ ಹಾಕಿ, ಸುಮ್ನೆ ಕೂತ್ಕೊಂಡ್ರೆ ಬಿಡಲ್ಲ."

ಇಬ್ಬರೂ ಬಾಟಲಿ ನೆನೆಸಿ ಲೇಬಲ್ಲು ಕೆರೆಯತೊಡಗಿದರು. ಗೋಂದು ಉಗುರಿನೊಳಗೆ ಸೇರಿಕೊಂಡಿತು. ಹತ್ತನೆಯ ಬಾಟಲಿಯ ಹೊತ್ತಿಗೆ ಪ್ರಮೀಳಾರ ಭುಜ ಸಡಿಲವಾಗಿತ್ತು. ಇಪ್ಪತ್ತನೆಯದಕ್ಕೆ, "ಡಾಕ್ಟ್ರಿಗೆ ತೋರಿಸಿದ್ರಾ?" ಎಂದರು. ಇಲ್ಲವೆಂದಾಗ ಬೈದರು. ಆ ಬೈಗುಳ ರಂಗಮ್ಮನಿಗೆ ಹಿತವಾಗಿತ್ತು.

"ಉಳಿದ ಹಣ್ಣು ಏನ್ಮಾಡ್ತೀರಾ?" ಎಂದು ಮೆಲ್ಲಗೆ ಕೇಳಿದಳು.

"ವಾಪಸ್ ಕಳಿಸ್ಬೇಕು. ಇದ್ರಲ್ಲಿ ಗೊಜ್ಜಾಗಲ್ಲ."

"ಆಗ್ತದೆ." ಅಷ್ಟು ಹೊತ್ತು ತಗ್ಗಿದ್ದ ದನಿ ಏರಿತು. "ಕೋರದ್ ಹಣ್ಣನ್ನ ಬೆಲ್ಲ ಹಾಕಿ ಗೆಲ್ಲಕ್ಕಾಗಲ್ಲ. ಜಗಳ ಆಡ್ತದೆ ಅದು. ನಮ್ಮವ್ವ ಕರಿ ಎಳ್ಳು ಹುರ್ದು ಕುಟ್ಟಿ, ಇಳಿಸೋ ಹೊತ್ನಲ್ಲಿ ಹಾಕೋಳು. ಬೆಲ್ಲ ನೀವು ಹಾಕೋದ್ರಲ್ಲಿ ಅರ್ಧ ಸಾಕು. ಹುಳಿ ಇರ್ತದೆ, ಕಚ್ಚಲ್ಲ."

ಪ್ರಮೀಳಾ ಅನುಮಾನದಿಂದಲೇ ಸಣ್ಣ ಬಾಣಲೆ ಇಟ್ಟರು. ರಂಗಮ್ಮ ಎಳ್ಳು ಹುರಿದಳು. ವಾಸನೆ ಬರುತ್ತಿಲ್ಲವೆಂದು ಚಟಚಟ ಸದ್ದಿಗೇ ಕಿವಿಗೊಟ್ಟು, ಸರಿಯಾದ ಗಳಿಗೆಗೆ ಇಳಿಸಿದಳು. ಗೊಜ್ಜು ಹದಕ್ಕೆ ಬಂದಾಗ ಪ್ರಮೀಳಾ ಬೆರಳಿಗೆ ತಾಗಿಸಿ ನೆಕ್ಕಿದರು. ರಂಗಮ್ಮ ಆಕೆಯ ಮುಖವನ್ನೇ ನೋಡುತ್ತ ನಿಂತಳು. ಮಂಡಿಯಲ್ಲಿ ಹನ್ನೆರಡು ವರ್ಷ ಎಲ್ಲರೂ ಅವಳ ಮುಖವನ್ನು ಹೀಗೆಯೇ ನೋಡುತ್ತಿದ್ದರು.

ಪ್ರಮೀಳಾ ಮತ್ತೊಮ್ಮೆ ಬೆರಳು ಅದ್ದಿದರು. "ನಮ್ ಗೊಜ್ಜಲ್ಲ ಇದು," ಎಂದರು. ಮೂರನೆಯ ಸಲ ಅದ್ದಿದರು. "ಆದ್ರೆ ಚೆನ್ನಾಗಿದೆ."

ಆ ಬಾಣಲೆಯ ಗೊಜ್ಜು ನಾಲ್ಕು ಬಾಟಲಿಯಾಯಿತು. ಅವಕ್ಕೆ ಪ್ರಮೀಳಾ ಪೆನ್ನಿನಿಂದಲೇ ಚೀಟಿ ಬರೆದು ಅಂಟಿಸಿದರು: 'ಕೋರದ ಹುಣಸೆಹಣ್ಣಿನದು.' ಒಂದನ್ನು ರಂಗಮ್ಮನ ಕೈಗಿಟ್ಟರು. "ರುಚಿ ಬಂದ ದಿನ ತಿನ್ನಿ."

ಮರುದಿನ ಲಕ್ಷ್ಮೀಕಾಂತರ ಮೇಜಿನ ಮೇಲೆ ಆ ಬಾಟಲಿ ಇಟ್ಟು ರಂಗಮ್ಮ ಎಲ್ಲವನ್ನೂ ಹೇಳಿದಳು. ಸಾಲಿನ ಹೆಂಗಸರಿಗೂ ಕೇಳುವಂತೆ ಹೇಳಿದಳು. ಸುತ್ತಿಗೆಗಳು ಒಂದೊಂದಾಗಿ ನಿಂತವು.

"ಸಾವ್ಕಾರ್ರೇ, ಈ ಮೂರು ವಾರದಲ್ಲಿ ಹೊಲಿದಿರೋ ಚೀಟಿ ಬಿಚ್ಚಿಸ್ಬುಡಿ. ಇನ್ಮೇಲೆ ನಾನು ಹೆಸರು ಹೇಳಾಕಿಲ್ಲ."

ಲಕ್ಷ್ಮೀಕಾಂತರು ತಲೆ ಕೆರೆದುಕೊಂಡರು. ನಲವತ್ತರ ಮೇಲೆ ಮೂಟೆ ಆಗಲೇ ಚೀಟಿ ಹೊತ್ತು ನಿಂತಿದ್ದವು. ಬೈಯಲು ಬಾಯಿ ತೆರೆದವರು ಬೈಯದೆ, "ಮುಂಚೇನೇ ಹೇಳಬಾರದಿತ್ತಾ ರಂಗಮ್ಮ?" ಎಂದಷ್ಟೇ ಅಂದರು. ಮೂಲೆಯಿಂದ ಪುಟ್ಟಗಂಗಮ್ಮ, "ಅದ್ಕೇ ಸಾರ್ಗೆ ಉಪ್ಪಿರ್ಲಿಲ್ಲ!" ಎಂದು ಕೂಗಿ, ಕೂಗಿದ್ದಕ್ಕೆ ನಾಚಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಚೀಟಿ ಬಿಚ್ಚಲು ಕತ್ತರಿ ಹಿಡಿದು ಬಂದ ತ್ರಿವೇಣಿ ರಂಗಮ್ಮನ ಪಕ್ಕ ನೆಲದಲ್ಲೇ ಕುಳಿತರು. "ನಂಗೆ ಕಲಿಸ್ತೀರಾ?"

ಅಂದಿನಿಂದ ರಂಗಮ್ಮನಿಗೆ ಇಡೀ ದಿನ ಕಲ್ಲಿನ ಮುಂದೆಯೇ ಕೆಲಸ. ಬೆಳಿಗ್ಗೆ ಮಾತ್ರ ತ್ರಿವೇಣಿ ಒಂದು ತಟ್ಟೆಯಲ್ಲಿ ನಾಲ್ಕೂರಿನ ಹಣ್ಣು ಹಿಡಿದು ಬಂದು ಅವಳ ಎದುರಿಗೆ ಕೂರುತ್ತಾರೆ. ಸಾವ್ಕಾರರ ಹೆಂಡತಿಯ ಮುಖ ಹುಳಿಗೆ ಕಿವುಚಿದಾಗಲೆಲ್ಲ ಹೆಂಗಸರ ಸಾಲು ನಗುತ್ತದೆ.

ಯುಗಾದಿಯ ಹಿಂದಿನ ದಿನ ತ್ರಿವೇಣಿ ಒಂದು ಚೂರನ್ನು ಅಂಗುಳಕ್ಕೆ ಒತ್ತಿ, ಕಣ್ಣು ಕಿರಿದು ಮಾಡಿ, ಕಿವಿ ಮುಟ್ಟಿಕೊಂಡರು. "ಇದು... ಕೋರ?" ಎಂದು ರಂಗಮ್ಮನತ್ತ ತಿರುಗಿದರು.

"ನನ್ ಮುಖ ನೋಡ್ಬೇಡಿ ಅಕ್ಕಾವ್ರೇ," ಎಂದಳು ರಂಗಮ್ಮ, ಸುತ್ತಿಗೆ ಎತ್ತುತ್ತ. "ಮೇಲೆ ಮಾಡು ನೋಡಿ."