ಅಳಿಸಿದ ಹೆಸರು

ನನ್ನ ಅಕ್ಕ ಬಮ್ಮಿಗಟ್ಟಿಯಲ್ಲಿ ಆಶಾ ಕಾರ್ಯಕರ್ತೆ. ಯಾವ ಮನೆಯ ಸೊಸೆಗೆ ಏನು ಕಾಯಿಲೆ, ಯಾರಿಗೆ ಎಷ್ಟನೇ ತಿಂಗಳು, ಎಲ್ಲವನ್ನೂ ಫೋನಿನಲ್ಲಿ ಬರೆದಿಡುತ್ತಿದ್ದಳು. ಆ ಫೋನು ಮನೆಮಂದಿಯ ಕೈಯಲ್ಲೆಲ್ಲ ತಿರುಗುತ್ತಿತ್ತು. ಒಮ್ಮೆ ಒಬ್ಬ ಹೆಣ್ಣುಮಗಳ ವಿಷಯ ಹೀಗೇ ಹೊರಬಿದ್ದು, ಆಕೆ ತವರಿಗೆ ಹೋಗಿ ಕೂರುವಂತಾಯಿತು. ಅಣ್ಣಿಗೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು ಅಕ್ಕನಿಗಾಗಿ ಒಂದು ಸಣ್ಣ ಸಾಫ್ಟ್‌ವೇರ್ ಬರೆದೆ. ಬರೆದದ್ದನ್ನು ಅದು ಗುಪ್ತಲಿಪಿಗೆ ಬದಲಿಸುತ್ತಿತ್ತು. ಕೀಲಿ ಗೊತ್ತಿದ್ದವರು ಮಾತ್ರ ಓದಬಹುದಿತ್ತು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅದನ್ನು ಅಮೆರಿಕದ ಒಂದು ಜಾಲತಾಣಕ್ಕೆ ಏರಿಸಿದೆ.

ಕೆಲವು ತಿಂಗಳ ಮೇಲೆ ಒಬ್ಬ ಹೆಣ್ಣುಮಗಳು ಇಮೇಲ್ ಬರೆದಳು. ನಿಮ್ಮ ಬೀಗ ಸಡಿಲಾಗಿದೆ, ಇಂಥಲ್ಲಿ ಮುರಿಯಬಹುದು ಎಂದು ತೋರಿಸಿದ್ದಳು. ತೋರಿಸಿದ್ದಷ್ಟೇ ಅಲ್ಲ, ತಿದ್ದಿಯೂ ಕೊಟ್ಟಿದ್ದಳು. ಅಲ್ಲಿಂದ ಎರಡು ವರ್ಷ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಅರ್ಧಕ್ಕಿಂತ ಹೆಚ್ಚು ಅವಳದೇ. ಸಾಲುಗಳ ನಡುವೆ ಆಗಾಗ ಫಾರ್ಸಿಯಲ್ಲಿ ಟಿಪ್ಪಣಿ ಬರೆಯುತ್ತಿದ್ದಳು. ಫಾರ್ಸಿಯನ್ನೂ ಬಲ್ಲ, ನಮ್ಮ ಬಾಜೂ ಮನೆಯ ನಿವೃತ್ತ ಉರ್ದು ಮಾಸ್ತರರು ಅದನ್ನು ಓದಿ ಅರ್ಥ ಹೇಳುತ್ತಿದ್ದರು. ‘ಇಲ್ಲಿ ನನಗೆ ಖಚಿತವಿಲ್ಲ’ ಎಂದು ಒಂದು ಕಡೆ ಬರೆದಿದ್ದಳಂತೆ. ತಿಳಿಯದ್ದನ್ನು ತಿಳಿಯದು ಅನ್ನುವ ಈ ಹೆಣ್ಣುಮಗಳು ಒಳ್ಳೆಯ ಶಿಕ್ಷಕಿಯಾಗಿರಬೇಕು ಎಂದು ಅವರು ನಕ್ಕಿದ್ದರು. ಅವಳು ಯೂರೋಪಿನಲ್ಲೆಲ್ಲೋ ಇರುತ್ತಾಳೆ ಎಂದುಕೊಂಡಿದ್ದೆ. ಕೇಳಿರಲಿಲ್ಲ.

ಒಂದು ದಿನ ಅವಳ ಪತ್ರ ಬಂತು. ತಾನು ಇರಾನಿನಲ್ಲಿ ಒಂದು ಹೆಣ್ಣುಮಕ್ಕಳ ದವಾಖಾನೆಯಲ್ಲಿ ಕೆಲಸ ಮಾಡುವುದಾಗಿಯೂ, ಆ ಜಾಲತಾಣ ಈಗ ತಮ್ಮಲ್ಲಿ ತೆರೆಯುವುದಿಲ್ಲವೆಂದೂ, ಹೊಸ ಆವೃತ್ತಿಯನ್ನು ನೇರವಾಗಿ ಕಳಿಸಬೇಕೆಂದೂ ಬರೆದಿದ್ದಳು.

ಆಗ ನೆನಪಾಯಿತು. ಜಾಲತಾಣ ಸೇರುವಾಗ ಒಂದು ಉದ್ದನೆಯ ಶರತ್ತಿಗೆ ಓದದೇ ಒಪ್ಪಿಗೆ ಕೊಟ್ಟಿದ್ದೆ. ಈಗ ಓದಿದೆ. ಅಮೆರಿಕದ ಕಾಯ್ದೆಯಂತೆ ಗುಪ್ತಲಿಪಿಯ ಸಾಫ್ಟ್‌ವೇರನ್ನು ಕೆಲವು ದೇಶಗಳಿಗೆ ಕಳಿಸಬಾರದು. ಆ ಪಟ್ಟಿಯಲ್ಲಿ ಅವಳ ದೇಶವಿತ್ತು. ನಮ್ಮ ಸರಕಾರದ ರಫ್ತು ಪಟ್ಟಿಯಲ್ಲೂ ಗುಪ್ತಲಿಪಿಯ ಮಾತು ಬರುತ್ತದೆಂದು ಬೇರೆಲ್ಲೋ ಓದಿ ಇನ್ನಷ್ಟು ಬೆದರಿದೆ. ಕಾಲೇಜಿನ ನೌಕರಿ ಕಣ್ಣ ಮುಂದೆ ಬಂತು. ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಅವಳಿಗೆ ಉತ್ತರ ಬರೆಯಲಿಲ್ಲ. ಅಷ್ಟೇ ಆಗಿದ್ದರೆ ಹೆದರಿಕೆ ಎನ್ನಬಹುದಿತ್ತು. ನಾನು ಕುಳಿತು, ತಯಾರಿಸಿದವರು ಎಂಬಲ್ಲಿದ್ದ ಅವಳ ಹೆಸರನ್ನು ಅಳಿಸಿದೆ. ಫಾರ್ಸಿಯ ಟಿಪ್ಪಣಿಗಳನ್ನೂ ಒಂದೊಂದಾಗಿ ತೆಗೆದೆ.

ಮುಂದಿನ ತಿಂಗಳು ಕಾಲೇಜಿನಲ್ಲಿ ನನಗೆ ಸನ್ಮಾನವಾಯಿತು. ಆರೋಗ್ಯ ಕಾರ್ಯಕರ್ತೆಯರಿಗಾಗಿ ಒಬ್ಬರೇ ದುಡಿದು ಮಾಡಿದ್ದಾರೆ ಎಂದು ಭಾಷಣಕಾರರು ಹೊಗಳಿದರು. ಮಾಸ್ತರರು ಎರಡನೇ ಸಾಲಿನಲ್ಲಿದ್ದರು. ನಾನು ಶಾಲು ಹೊದ್ದು ಕುಳಿತೇ ಇದ್ದೆ. ಮಾತಾಡಲು ಕರೆದಾಗ ಅಕ್ಕನ ಕತೆ ಹೇಳಿದೆ, ಇರಾನಿನವಳ ಮಾತೆತ್ತಲಿಲ್ಲ.

ಮರುದಿನ ಮಾಸ್ತರರು ಕಟ್ಟೆಯ ಮೇಲೆ ಕುಳಿತು ಕೇಳಿದರು.

“ಆ ಫಾರ್ಸಿ ಬಾಯಾರ ಹೆಸರ ಯಾಕ ಹೇಳಲಿಲ್ಲ?”

ನಾನು ಕಾಯ್ದೆಯ ಬಗ್ಗೆ ಹೇಳಿದೆ. ಉದ್ದಕ್ಕೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಕಳಸಬ್ಯಾಡ ಅಂತು ಕಾಯ್ದೆ. ಹೆಸರ ಅಳಸು ಅಂತ ಅಂತೇನು ತಮ್ಮಾ?”

“ಇಲ್ರಿ ಮಾಸ್ತರ,” ಎಂದೆ.

ಅವರು ಜೋಳದ ಧಾರಣೆಯ ಮಾತಾಡಿ ಎದ್ದುಹೋದರು. ಬೈದಿದ್ದರೆ ಸಹಿಸಬಹುದಿತ್ತು.

ಆ ವಾರ ಹುಬ್ಬಳ್ಳಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಎಲ್ಲರಿಗೂ ಬಿಚ್ಚಿಟ್ಟು ಪ್ರಕಟಿಸಿದ್ದಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಆದರೆ ಆ ದೇಶದ ಒಬ್ಬರಿಗೆ ನೇರ ಕಳಿಸುವ ಬಗ್ಗೆ ತಾನು ಭರವಸೆ ಕೊಡಲಾರೆ ಎಂದರು. ಹೆಸರು ಹಾಕಲು ಯಾವ ತಡೆಯೂ ತನಗೆ ಕಾಣುವುದಿಲ್ಲ ಎಂದರು. ಅಷ್ಟು ತಿಳಿಯಲು ಅರ್ಧ ತಾಸು ಸಾಕಾಗಿತ್ತು.

ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಬರೆದೆ. ಹೆಸರು ಅಳಿಸಿದ್ದನ್ನೂ, ಸನ್ಮಾನವನ್ನೂ ಬರೆದೆ. ಕ್ಷಮೆ ಕೇಳಿ, ಹೆಸರನ್ನು ಮತ್ತೆ ಹಾಕುತ್ತೇನೆ ಎಂದೆ. ಇಪ್ಪತ್ತು ದಿನದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಹಳೆಯ ಪ್ರತಿಯನ್ನೇ ತಿದ್ದಿಕೊಂಡು ದವಾಖಾನೆಯಲ್ಲಿ ಬಳಸುತ್ತಿದ್ದೇವೆ, ನಡೆಯುತ್ತಿದೆ. ಈಗ ಇಲ್ಲಿ ಇಂಥ ಕೆಲಸ ಮಾಡುವವರನ್ನು ಸರಕಾರದವರು ವಿಚಾರಿಸತೊಡಗಿದ್ದಾರೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ. ನಿಮ್ಮ ಅಕ್ಕ ಹೇಗಿದ್ದಾರೆ?

ಹೆಸರು ಹಾಕಲಿಲ್ಲ. ಈಗ ಅದು ಅವಳ ಇಚ್ಛೆ ಎಂದು ಯಾರಿಗಾದರೂ ಹೇಳಬಹುದು, ಸುಳ್ಳೂ ಅಲ್ಲ. ಆದರೆ ನಾನು ಅಳಿಸಿದ ದಿನ ಅವಳು ಹಾಗೆ ಕೇಳಿರಲಿಲ್ಲ. ಶಾಲನ್ನು ಹೆಂಡತಿ ಟ್ರಂಕಿನಲ್ಲಿಟ್ಟಿದ್ದಾಳೆ. ಮಾಸ್ತರರಿಗೆ ಆ ಉತ್ತರವನ್ನು ತೋರಿಸಬೇಕೆಂದು ಎರಡು ಸಲ ಅವರ ಬಾಗಿಲ ತನಕ ಹೋಗಿದ್ದೆ. ನನ್ನನ್ನು ನಾನೇ ಸಮರ್ಥಿಸಿಕೊಂಡಂತೆ ಆದೀತೆಂದು ತಿರುಗಿ ಬಂದೆ.