ಸೈಕಲ್ ಸೀಟಿನ ಮೇಲೆ ಟವೆಲ್

ಅವಳೂ ನಾನೂ ಹಾಸನದ ಯೋಜನಾ ಕಚೇರಿಗೆ ಒಟ್ಟಿಗೇ ಸೇರಿದವರು. ಅವಳದು ಚನ್ನರಾಯಪಟ್ಟಣ, ನನ್ನದು ಹೊಳೆನರಸೀಪುರ. ಒಂದೇ ಟೇಬಲ್ಲಿನ ಆಚೆ ಈಚೆ ಕೂತು, ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದೆವು. ಹಾಗಂತ ಹೊಟ್ಟೆಕಿಚ್ಚು ಇರಬಾರದೆಂದೇನೂ ಇಲ್ಲವಲ್ಲ. ಅವಳು ಬಾಯಿ ತೆರೆದರೆ ಸಾಹೇಬರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನಾನು ಮಾತಾಡಿದರೆ ಫೋನು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಸ್ಸಿಳಿದವರು ಊರೊಳಗೆ ಓಡಾಡಲೆಂದು ಬಾಡಿಗೆಯ ಎಲೆಕ್ಟ್ರಿಕ್ ಸೈಕಲ್ ಇಡುವ ಯೋಜನೆ ಬಂದದ್ದು ಆಗಲೇ. ಫೋನಿನಲ್ಲಿ ಬೀಗ ತೆಗೆಯುವುದು, ಕೆಲಸ ಮುಗಿದ ಮೇಲೆ ಯಾವುದಾದರೊಂದು ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುವುದು. ಹಾಸನ ಜಿಲ್ಲಾ ಕೇಂದ್ರ, ಅದಕ್ಕೆ ಹೇಗೂ ಖಾತ್ರಿ. ತಾಲ್ಲೂಕುಗಳಲ್ಲಿ ಮಾತ್ರ ಮೊದಲು ಒಂದೇ ಊರಿಗೆ. ಪಟ್ಟಿಯಲ್ಲಿದ್ದ ಮೂರು ಊರುಗಳಲ್ಲಿ, ರಸ್ತೆ ಅಗೆದು ಹಾಕಿದ್ದರಿಂದ ಅರಕಲಗೂಡು ಹಿಂದೆ ಸರಿಯಿತು. ಉಳಿದದ್ದು ಅವಳೂರು, ನನ್ನೂರು. ಎರಡೂ ಕಡೆ ಪ್ರಯೋಗ ಮಾಡಿ ನೋಡಿ ಎಂದರು ಸಾಹೇಬರು.

ನನಗೆ ಅದು ಬೇಕೇ ಬೇಕಿತ್ತು. ನಾನೇನು ಕೆಲಸ ಮಾಡುತ್ತೇನೆಂದು ಅಮ್ಮನಿಗೆ ಸರಿಯಾಗಿ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ, ಅದೇನೋ ನಕ್ಷೆ ಬರೀತಾಳೆ ಎಂದು ಮಾತು ತೇಲಿಸುತ್ತಿದ್ದಳು. ಅಮ್ಮನನ್ನು ನಮ್ಮೂರ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಇದು ನಾನು ತಂದದ್ದು ಎಂದು ಬೆರಳಿಟ್ಟು ತೋರಿಸುವ ಆಸೆ ನನಗೆ.

ಚನ್ನರಾಯಪಟ್ಟಣದಲ್ಲಿ ಸೈಕಲ್ಲುಗಳು ನಿಂತಲ್ಲಿ ನಿಲ್ಲದೆ ಓಡಿದವು. ನನ್ನೂರಿನ ಸರದಿ ಬಂದಾಗ ನೋಡಲು ಅವಳೂ ಬಂದಳು. ಸಂತೆಯ ದಿನ. ಹಳ್ಳಿಮೈಸೂರು ಕಡೆಯ ಬಸ್ಸಿನಿಂದ ಇಳಿದವರು ನೇರ ಸೈಕಲ್ಲಿನ ಹತ್ತಿರ ಬಂದದ್ದು ಕಂಡು ನನ್ನ ಎದೆ ಉಬ್ಬಿತು. ಬಂದವರು ಸೀಟಿನ ಮೇಲೆ ಟವೆಲ್ ಹಾಕಿದರು. ಕೆಲವರು ಕರ್ಚೀಫು, ಒಬ್ಬಾಕೆ ಖಾಲಿ ಚೀಲ. ಹಾಕಿ, ಸಂತೆಯ ಕಡೆ ನಡೆದೇಬಿಟ್ಟರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಇನ್ನೊಬ್ಬರ ಟವೆಲ್ ಎತ್ತಿದರೆ ಜಗಳಕ್ಕೆ ಕರೆದ ಹಾಗೆ. ಆಮೇಲೆ ಬಂದವರೆಲ್ಲ ಜಾಗ ಇಲ್ಲವೆಂದು ಆಟೋ ಹತ್ತಿದರು. ಮಧ್ಯಾಹ್ನವಾದರೂ ಒಂದು ಸೈಕಲ್ಲೂ ಅಲುಗಲಿಲ್ಲ.

ಅವಳ ಮುಂದೆ ನನ್ನೂರಿನ ಮಾನ ಹೋಗುತ್ತಿತ್ತು. ಟವೆಲ್ಲುಗಳನ್ನೆಲ್ಲ ಸರಸರ ಎತ್ತಿ ಕಟ್ಟೆಯ ಮೇಲೆ ಗುಡ್ಡೆ ಹಾಕತೊಡಗಿದೆ. ಅಷ್ಟರಲ್ಲಿ ಸಂತೆಯಿಂದ ವಾಪಸು ಬಂದ ಯಜಮಾನರೊಬ್ಬರು ಅಡ್ಡ ನಿಂತರು.

"ಟವಲ್ಲು ಆಕಿವ್ನಿ ಅಂದ್ಮೇಲೆ ಅದು ನಂದೇ ಕಣವ್ವ. ಸಂತೆ ಮುಗುಸ್ಕಂಡು ಮಗಳ ಮನೆಗೋಗಾಕೆ ಬ್ಯಾಡ್ವಾ ನಂಗೆ?"

ಫೋನಿನಲ್ಲಿ ಬೀಗ ತೆಗೆದವರದೇ ಸೈಕಲ್ಲು, ಟವೆಲ್ ಹಾಕಿದವರದಲ್ಲ ಎಂದು ನಾನು ವಾದಕ್ಕೆ ಬಿದ್ದೆ. ಅವಳು ಮಾತ್ರ ಆ ಯಜಮಾನರನ್ನು ಟೀ ಅಂಗಡಿಗೆ ಕರೆದೊಯ್ದು, ಏನೇನೋ ಕೇಳುತ್ತ ಕೂತಳು.

ಕೇಳಿದ್ದು ಏನೆಂದು ಮೀಟಿಂಗಿನಲ್ಲಿ ಗೊತ್ತಾಯಿತು. ಹೊಳೆನರಸೀಪುರದವರಿಗೆ ಸೈಕಲ್ ಬೇಡವಾಗಿಲ್ಲ, ಮೊದಲೇ ಹಿಡಿದಿಟ್ಟುಕೊಳ್ಳುವ ಅನುಕೂಲ ಬೇಕು ಅಷ್ಟೇ ಎಂದಳು. ಒಂದಿಷ್ಟು ಹೊತ್ತು ಕಾಯ್ದಿರಿಸುವ ಏರ್ಪಾಡು ಮಾಡಿ ಅಲ್ಲಿಂದಲೇ ಶುರು ಮಾಡೋಣ, ನಮ್ಮ ಚನ್ನರಾಯಪಟ್ಟಣ ಆಮೇಲಾಗಲಿ ಎಂದೂ ಸೇರಿಸಿದಳು. ಸಾಹೇಬರು ತಕ್ಷಣ ಒಪ್ಪಿದರು. ಬುದ್ಧಿ ಬಂದಾಗಿನಿಂದ ಬಸ್ಸಿಗೆ ಟವೆಲ್ ಎಸೆದವಳು ನಾನು, ಹೊಳೆದದ್ದು ಅವಳಿಗೆ. ತನ್ನೂರಿಗೇ ಮಾಡಿಸಿಕೊಂಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಬೈಯುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ನಮ್ಮೂರಿನ ಸೈಕಲ್ ಸ್ಟ್ಯಾಂಡು ಶುರುವಾದ ದಿನ ಅಮ್ಮನನ್ನು ಕರೆದುಕೊಂಡು ಹೋದೆ, ಆಸೆ ಬಿಡಬೇಕಲ್ಲ. ಸಾಹೇಬರು ಮೈಕಿನಲ್ಲಿ ಅವಳೊಬ್ಬಳನ್ನೇ ಹೊಗಳಿದರು. ಅಮ್ಮ ಸೆರಗು ಹೊದ್ದು ನಿಂತು ಪೂರ್ತಿ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ತನ್ನ ತುರುಬಿನ ಮಲ್ಲಿಗೆಯಲ್ಲಿ ಅರ್ಧ ತುಂಡು ಮಾಡಿ ಅವಳ ಜಡೆಗೆ ಮುಡಿಸಿದಳು.

"ನಮ್ಮುಡುಗೀಗೂ ಒಸಿ ಕಲುಸ್ಕೊಡವ್ವ," ಎಂದಳು. "ದಡ್ಡಿ ಏನಲ್ಲ ಇವಳು."

ಅವಳು ನನ್ನ ಕೈ ಹಿಡಿದುಕೊಂಡು, ಆಯ್ತಮ್ಮ ಎಂದಳು. ಅಮ್ಮ ನಗುತ್ತ ನೋಡುತ್ತಿದ್ದಳು, ನನಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.